ಬಾಳೆಬೂದಿಯಲ್ಲಿ ಕುದಿಸಿದ ಗೂಡುಗಳು

ಬೊಕೊ
ಭಾದೊ ತಿಂಗಳ ಐದು, ಮಂಗಳವಾರ

ನನ್ನ ಮುದ್ದು ಜುರಿ,

ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದನ್ನು ಹೇಳಲೇ ಇಲ್ಲ. ಅದಕ್ಕೇ ಈ ಕಾಗದ. ಇದನ್ನು ಓದಿ ಮುಗಿಸುವತನಕ ಗುರುವಾರದ ಆಪರೇಷನ್ನಿಗೆ ಹೂಂ ಅನ್ನಬೇಡ.

ನಮ್ಮ ಎರಿ ರೇಷ್ಮೆಯ ಗೂಡಿನಿಂದ ಮೂಳೆ ಬೆಳೆಯಲು ಆಸರೆಯಾಗುವ ಬಿಲ್ಲೆ ಮಾಡುತ್ತೇನೆ ಎಂದು ನೀನು ಸಂಶೋಧನೆಗೆ ಹೊರಟಾಗ ನಾನು ನಕ್ಕಿದ್ದೆ. "ಹುಳ ತೆಗೆದು ಗೂಡನ್ನ ಹಂಗೇ ಕಳ್ಸು ಮಾ, ನೀರೂ ಮುಟ್ಟಿಸ್ಬೇಡ. ಸೋಡಾ ಹಾಕಿ ಅಂಟು ತೆಗೆಯೋದು ನನ್ ಕೆಲ್ಸ. ಅಂಟು ಉಳಿದ್ರೆ ಮೈ ಒಪ್ಪಲ್ಲ, ಊದ್ಕೊಳ್ಳತ್ತೆ" ಎಂದು ನೀನು ಎಷ್ಟು ಸಲ ಹೇಳಿದ್ದೆ! ಆದರೆ ಕಲೆಯಾದ, ನಾರುವ ಗೂಡನ್ನು ನಿನ್ನ ಮೇಷ್ಟರ ಮೇಜಿನ ಮೇಲೆ ಇಡಿಸಲು ನನಗೆ ಮನಸ್ಸಾಗಲಿಲ್ಲ. ಬಾಳೆಸಿಪ್ಪೆ ಸುಟ್ಟು, ಆ ಬೂದಿನೀರಲ್ಲಿ ಅಂಟೂ ಕಲೆಯೂ ಬಿಡುವಂತೆ ಒಂದು ಕುದಿ ಕುದಿಸಿ, ಒಣಗಿಸಿ ಕಳಿಸಿದೆ. ಮೊದಲ ಎರಡು ಮೂಟೆಯನ್ನೂ.

ಆ ಗೂಡಿನ ಬಿಲ್ಲೆ ಇಟ್ಟ ಮೊಲಗಳ ಕಾಲಲ್ಲಿ ಮೂಳೆ ಕೂಡಿಕೊಂಡಿತೆಂದು ನೀನು ಫೋನಿನಲ್ಲೇ ಅತ್ತುಬಿಟ್ಟೆ. "ಇಷ್ಟು ಚೊಕ್ಕ ಗೂಡು ಯಾರತ್ರಾನೂ ಸಿಗಲ್ಲ ಮಾ" ಎಂದೆ. ಆಗಲೇ ಬಾಯಿ ಬಿಡಬೇಕಿತ್ತು. ನಾನೋ ಹಿಗ್ಗಿ ಹೀರೇಕಾಯಿಯಾಗಿ ಕುಳಿತೆ.

ಈ ಸಲದ ನೆರೆಗೆ ಬಾಳೆಗಿಡಗಳೆಲ್ಲ ಕೊಚ್ಚಿಹೋದವು. ಬೂದಿ ಇರಲಿಲ್ಲ. ಮೂರನೇ ಮೂಟೆಯನ್ನು ನೀನು ಹೇಳಿದಂತೆ ಕುದಿಸದೆ ಕಳಿಸಿದೆ. ಜುರಿ, ನಿನ್ನ ಮಾತು ಕೇಳಿದ್ದು ಅದೊಂದೇ ಸಲ.

ಗುರುವಾರ ಮನುಷ್ಯನ ಕಾಲಿಗೆ ಇಡುವ ಬಿಲ್ಲೆ ಆ ಮೂರನೇ ಮೂಟೆಯದು ಎಂದು ನಿನ್ನೆ ಹೇಳಿದೆಯಲ್ಲ. ಅದನ್ನು ಯಾವ ಮೊಲಕ್ಕೂ ಇಟ್ಟು ನೋಡಿಲ್ಲ. ಮೂಳೆ ಕೂಡಿದ್ದು ನಿನ್ನ ಸೋಡಾದಿಂದಲೋ ನನ್ನ ಬೂದಿಯಿಂದಲೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿದೆ ಎಂದು ನೀನು ವರದಿಗೆ ಸಹಿ ಹಾಕಿದ್ದೀಯ.

ನಾಲ್ಕು ವರ್ಷದ ನಿನ್ನ ದುಡಿಮೆ ನನ್ನಿಂದ ಮಣ್ಣುಪಾಲಾಗುತ್ತದೆ. ಎಷ್ಟಾದರೂ ಬೈಯಿ, ಬಿಹು ಹಬ್ಬಕ್ಕೂ ಮನೆಗೆ ಬರಬೇಡ. ಆದರೆ ಮೇಷ್ಟರಿಗೆ ಎಲ್ಲವನ್ನೂ ಹೇಳು.

ನಿನ್ನ ಮುಖ ನೋಡಲು ಹೆದರುತ್ತಿರುವ,
ಮಾ

ಇನ್ನೊಂದು ಮಾತು: ನಾಳೆ ಗುವಾಹಟಿ ಬಸ್ಸಿನಲ್ಲಿ ಈ ಕಾಗದ ತರುವವನು ನಿನ್ನ ಅಣ್ಣ ನಿಪೊನನೇ. "ಏನಿದೆ ಮಾ ಇದ್ರಲ್ಲಿ, ಇಷ್ಟೊಂದು ಅಂಟ್ಸಿದೀಯ?" ಎಂದು ನಗುತ್ತಿದ್ದಾನೆ, ಮೂಳೆ ಕೂಡದ ಆ ಕಾಲನ್ನು ಚಾಚಿಕೊಂಡು. ಮೊದಲ ಬಿಲ್ಲೆ ಅವನ ಕಾಲಿಗೇ ಆಗಬೇಕೆಂದು ಹಟ ಹಿಡಿದವಳು ನಾನು. ಬೇರೆ ಯಾರದೋ ಮಗನ ಕಾಲಾಗಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.