ನಲವತ್ತೇಳನೆಯ ಪುಟ

ಹೋಲ್ಮ್‌ಡಾಲ್, ಮಿನ್ನೆಸೋಟ
೧೪ ಮೇ ೨೦೦೧

ಪ್ರೀತಿಯ ಸಿಗ್ನೆ,

ಕ್ರಿಸ್‌ಮಸ್ಸಿಗೆ ನೀನು ಬರೆದ ಕಾಗದಕ್ಕೆ ಮೇ ತಿಂಗಳಲ್ಲಿ ಉತ್ತರ. ಮಂಡಿನೋವು ಎಂದು ನೆಪ ಹೇಳಬಹುದಿತ್ತು. ಮಂಡಿಯಲ್ಲಿ ಯಾರೂ ಬರೆಯುವುದಿಲ್ಲ ಎನ್ನುತ್ತೀಯ. ಕ್ಷಮಿಸು ತಂಗಿ. ಒಳ್ಳೆಯ ಸುದ್ದಿಯೊಂದು ಕೈಗೆ ಬರಲಿ ಎಂದು ಕಾದೆ. ಬಂದಿದೆ.

ಊರಿಗೆ ನೂರಿಪ್ಪತ್ತೈದು ತುಂಬಿತು. ಮತ್ತೆ ಊರಿನ ಚರಿತ್ರೆಯ ಪುಸ್ತಕ, ಮತ್ತೆ ಮನೆಗೊಂದು ಪುಟ. ನಮ್ಮ ಪುಟ ಬರೆಯಲು ಉಳಿದಿರುವವಳು ನಾನೊಬ್ಬಳೇ. ಊರಿಗೆ ನೂರು ತುಂಬಿದಾಗ ಬಂದ ಎಪ್ಪತ್ತಾರರ ಪುಸ್ತಕ ನಿನ್ನನ್ನು ಎಷ್ಟು ನೋಯಿಸಿತೆಂದು ಬಲ್ಲೆ. ಹಾಲ್ವರನ ಮನೆಯ ಪುಟದಲ್ಲಿ ನೀನು ಸೊಸೆಯಾಗಿ ಇದ್ದೆ; ನಮ್ಮ ಪುಟದಲ್ಲಿ ಮಗಳಾಗಿ ಇರಲಿಲ್ಲ. ಎದುರು ಚರ್ಚಿನ ಹುಡುಗನನ್ನು ಕಟ್ಟಿಕೊಂಡದ್ದಕ್ಕೆ ಅಪ್ಪ ನಿನ್ನ ಹೆಸರನ್ನೇ ಅಳಿಸಿದ ಎಂದು ನೀನು ಸಿಟ್ಟಿನಿಂದ ಕಾಗದ ಬರೆದೆ. ಆಮೇಲೆ ಊರಿಗೆ ಬರಲಿಲ್ಲ, ಅಪ್ಪನ ಮಣ್ಣಿಗೂ ಬರಲಿಲ್ಲ. ಈ ಸಲ ನಿನ್ನ ಹೆಸರು ಅಚ್ಚಾಗಲೇಬೇಕು ಎಂಬುದೊಂದೇ ನನ್ನ ಹಟ.

ಹಳೆಯ ಪುಸ್ತಕ ಎಬ್ಬಿಸಿದ ಜಗಳಗಳಿಗೆ ಹೆದರಿ, ಈ ಸಲ ಪ್ರತಿ ಪುಟವನ್ನೂ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೆದುರು ಓದಿಯೇ ಅಚ್ಚಿಗೆ ಕಳಿಸುವುದೆಂದು ಗೊತ್ತುಮಾಡಿದರು. ಈಗ ಎರಡು ಚರ್ಚೂ ಒಂದೇ. ಮೋಕ್ಷ ಯಾರಿಗೆಂದು ದೇವರು ಮೊದಲೇ ಬರೆದಿಟ್ಟಿದ್ದಾನೋ ಇಲ್ಲವೋ ಎಂದು ತಾತಂದಿರು ಕಿತ್ತಾಡಿ ರಸ್ತೆಯ ಆಚೆಗೊಂದು, ಈಚೆಗೊಂದು ಕಟ್ಟಿದರಲ್ಲ? ನೂರು ವರ್ಷ ವಾದಿಸಿ, ಹೋದ ವರ್ಷ ಆಚೆಯ ಚರ್ಚಿನ ಬಾಯ್ಲರ್ ಕೆಟ್ಟಾಗ ಎಲ್ಲರೂ ಈಚೆಗೆ ಬಂದು ಕೂತರು. ವೇದಾಂತ ಸೋತಿತು, ಶೀತ ಗೆದ್ದಿತು. ಪ್ರಾಸ ನನ್ನ ಹಳೆಯ ಕಾಯಿಲೆ, ಬಿಡು.

ಮಾರ್ಚಿನಲ್ಲಿ ನನ್ನ ಸರದಿ ಬಂತು. ಓದಿದೆ: “ಹಿರಿಯ ಮಗಳು ಥೀಯಾ, ಶಾಲೆಯ ಟೈಪಿಸ್ಟ್. ಕಿರಿಯ ಮಗಳು ಸಿಗ್ನೆ, ಹಾಲ್ವರನ ಹೆಂಡತಿ.” ಯಾರೂ ಉಸಿರೆತ್ತಲಿಲ್ಲ. ನಮ್ಮವರಿಗೆ ಒಪ್ಪಿಗೆಗೂ ಮೌನ, ಬಹಿಷ್ಕಾರಕ್ಕೂ ಮೌನ.

ಮೇಜಿನ ಮೇಲೆ ಕಡೆಯ ಕೇಕಿನ ತುಂಡಿತ್ತು. ಕಡೆಯದನ್ನು ಇಡಿಯಾಗಿ ಎತ್ತುವವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ; ಒಬ್ಬರು ಅರ್ಧ ಕೊಯ್ದರೆ ಇನ್ನೊಬ್ಬರು ಅದರರ್ಧ. ನಿನ್ನ ಭಾವ, ಹಾಲ್ವರನ ಅಣ್ಣ ಆರ್ವಿಡ್ ತನ್ನ ಅರ್ಧವನ್ನು ನಿಧಾನವಾಗಿ ಕೊಯ್ದ.

“ಅಲ್ಲಾ ಥೀಯಾ, ಒಂದು ಹೆಸ್ರು ಬರಿಯೋಕೆ ಇಷ್ಟು ಹೊತ್ತಾ ನಿಮ್ಮನೇಲಿ?”

“ಇಪ್ಪತ್ತೈದೇ ವರ್ಷ, ಆರ್ವಿಡಣ್ಣ.”

“ಒಳ್ಳೆ ಹುಡುಗಿ. ನಮ್ ತಮ್ಮನ ಮುಖಕ್ಕೆ ಜಾಸ್ತಿನೇ ಆಯ್ತು. ಅವಳ ಮಕ್ಕಳ ಹೆಸರೂ ಸೇರಿಸು, ಕೆಳಗೆ ಜಾಗ ಹಾಳ್ ಬಿದ್ದಿದೆ. ಹಾಕ್ರಪ್ಪ, ಪರವಾಗಿಲ್ಲ.”

‘ಪರವಾಗಿಲ್ಲ’ಕ್ಕಿಂತ ದೊಡ್ಡ ಬಿರುದು ಈ ಊರಿನಲ್ಲಿ ಯಾರಿಗೂ ಸಿಕ್ಕಿಲ್ಲ. ಆ ಸಂತೋಷಕ್ಕೆ ಉಳಿದ ಕೇಕನ್ನು ನಾನು ಇಡಿಯಾಗಿ ತಿಂದುಬಿಟ್ಟೆ. ನಿನ್ನ ಮದುವೆಯನ್ನು ಕ್ಷಮಿಸಿದವರು ಅದನ್ನಿನ್ನೂ ಕ್ಷಮಿಸಿಲ್ಲ.

ಪುಸ್ತಕ ಜೊತೆಗಿದೆ. ನಲವತ್ತೇಳನೆಯ ಪುಟ ತೆಗೆ; ನೀನಿದ್ದೀಯ, ಮಕ್ಕಳಿದ್ದಾರೆ. ಜುಲೈಯಲ್ಲಿ ಊರಹಬ್ಬ, ಮಹಡಿಯ ಕೋಣೆ ಗುಡಿಸಿಟ್ಟಿದ್ದೇನೆ. ದೇವರು ನಿನ್ನನ್ನೂ ಹಾಲ್ವರನನ್ನೂ ಮಕ್ಕಳನ್ನೂ ನೂರು ಕಾಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಥೀಯಾ

ತಾ.ಕ.: ಪುಸ್ತಕದೊಳಗೆ ಮಡಿಸಿಟ್ಟ ಹಾಳೆ ಎಪ್ಪತ್ತಾರರಲ್ಲಿ ನಮ್ಮ ಪುಟಕ್ಕೆಂದು ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದು. ಮೂರನೆಯ ಸಾಲು ನೋಡು: ‘ನನ್ನ ಸಿಗ್ನೆ.’ ಟೈಪು ಮಾಡಿದವಳು ನಾನು. ದಿನವೂ ಬಡಿಸಿದವಳು ನಾನು, ಅವನು ದಾರಿ ಕಾದದ್ದು ನಿನ್ನದು. ಆ ಹೊಟ್ಟೆಯುರಿಗೆ ಸಾಲು ಬಿಟ್ಟೆ. ಪುಸ್ತಕ ಬಂದಾಗ ಅಪ್ಪ ಆ ಪುಟವನ್ನು ಬಹಳ ಹೊತ್ತು ನೋಡಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಿನ್ನ ಸಿಟ್ಟಿನ ಕಾಗದ ಬಂದಾಗಲೂ ‘ನಾನಲ್ಲ’ ಎನ್ನಲಿಲ್ಲ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ಆದರೆ ಇಲ್ಲಿಗೇ ಬಂದು ಬಯ್ಯಿ.