ಸುಮಾ ನಿಮಗೆ ಹೇಳದೇ ಇದ್ದದ್ದು

ಅತ್ತೀ,

ಮೊಣಕಾಲು ನೋವಿಗೆಂದು ನೀವು ಕರೆಸಿದ್ದ ಆ ನಾಟಿ ವೈದ್ಯದ ಅಜ್ಜ ನಮ್ಮ ಒಲೆಯಲ್ಲೇ ಕಬ್ಬಿಣದ ಸಳಿ ಕಾಯಿಸಿದ್ದು ನೆನಪಿದೆಯೇ? ಸುಮಾಳ ಕಾಲು ನೀವು ಹಿಡಿದಿರಿ, ಕೈ ನಾನು ಹಿಡಿದೆ. ಒಂಬತ್ತು ವರ್ಷದ ಕೂಸು. ಎರಡೂ ಮೊಣಕಾಲಿಗೆ ಆತ ಕಾದ ಸಳಿಯ ಚುಟಿಗೆ ಇಟ್ಟ. "ಬಿಡಸವ್ವಾ!" ಅಂತ ನನ್ನನ್ನೇ ಕೂಗಿದಳು. ನಾನು ಬಿಡಿಸಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಈ ಕೈಗಳ ಮೇಲಿದೆ.

ಸುಟ್ಟ ಗಾಯ ಮಾಯುವ ಹೊತ್ತಿಗೆ ಅವಳು ನೋವು ಅನ್ನುವುದನ್ನೇ ಬಿಟ್ಟಳು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು "ಹ್ಯಾಂಗದಿ ಕೂಸ?" ಅಂತ ಕೇಳುತ್ತಿದ್ದಿರಿ. "ಆರಾಮ ಅದೀನಿ ಆಯಿ." ನನ್ನ ಕಡೆ ತಿರುಗಿ, "ನೋಡಿದ್ಯಾ? ಡಾಕ್ಟರ್ ಡಾಕ್ಟರ್ ಅಂತ ಕುಣೀತಿದ್ದಿ" ಎಂದು ಚುಚ್ಚುತ್ತಿದ್ದಿರಿ. ಚುಟಿಗೆಯಿಂದ ವಾಸಿಯಾಯಿತು ಅಂತ ಇಡೀ ಕನ್ನೊಳ್ಳಿ ಊರಿಗೆ ಸಾರಿದಿರಿ. ಕೊನೆಯ ದಿನವೂ ಅವಳ ಮೊಣಕಾಲು ಸವರಿ ನಕ್ಕಿರಿ. ಆ ಸಮಾಧಾನ ಕೆಡಿಸಲು ನನಗೆ ಮನಸ್ಸಿಲ್ಲ, ಆದರೆ...

ನೀವು ತೀರಿಹೋದ ಒಂದು ತಿಂಗಳಿಗೆ, ಒಂದು ಬೆಳಿಗ್ಗೆ ಹಾಸಿಗೆ ಮಡಚಲು ಹೋದವಳು ಕಂಡೆ. ಹೊದಿಕೆಯ ಅಂಚು ಬಾಯಲ್ಲಿ ಕಚ್ಚಿಕೊಂಡು, ಗೋಡೆ ಹಿಡಿದು, ಸದ್ದಿಲ್ಲದೆ ಏಳುತ್ತಿದ್ದಳು. "ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ಮತ್ತ ಸುಡ್ತೀರಿ."

ಒಂದು ವರ್ಷ, ಅತ್ತೀ! ಒಂದು ವರ್ಷ ನಮ್ಮಿಬ್ಬರ ನಡುವೆಯೇ ಮಲಗಿ ಅವಳು...

ಸಿಂದಗಿಯಲ್ಲಿ ಬಸ್ಸು ಬದಲಿಸಿ ವಿಜಯಪುರಕ್ಕೆ ಕರೆದೊಯ್ದೆ. ಡಾಕ್ಟರ್‌ಬಾಯಿ ಸಂಧಿವಾತ ಅಂದರು. ಮಕ್ಕಳಿಗೂ ಬರುತ್ತದಂತೆ, ಬೇಗ ಬಿಡುವುದಲ್ಲವಂತೆ. ಗುಳಿಗೆ, ಬಿಸಿನೀರಿನ ಶಾಖ, ಕಾಲಿನ ವ್ಯಾಯಾಮ ಹೇಳಿಕೊಟ್ಟರು. ಸುಟ್ಟ ಕಲೆ ನೋಡಿಯೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಆಕಿ ನೋವು ಅಂದ್ರ ನಂಬ್ರಿ. ದಿನಕ್ಕ ಹತ್ತು ಸಲ ಕೇಳಬ್ಯಾಡ್ರಿ. ಆಕಿ ತಾನ ಬಂದು ಹೇಳೂಹಂಗ ಇರ್ರಿ" ಅಂದರು. ಕೇಳದೆ ಇರುವುದು ಎಷ್ಟು ಕಷ್ಟ ಗೊತ್ತೇ? ಶಾಖ ಕೊಡುತ್ತಾ ಶಾಲೆಯ ಸುದ್ದಿ ಕೇಳುತ್ತೇನೆ. ನೋವಿನ ಸುದ್ದಿ ಅವಳು ಎತ್ತುವುದಿಲ್ಲ. ಒಲೆ ಉರಿಯುವಾಗ ಅಡುಗೆಮನೆಗೆ ಕಾಲಿಡುವುದಿಲ್ಲ.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಗೋಡೆ ಹಿಡಿದು ಬಂದು ಹೊಸ್ತಿಲಲ್ಲಿ ನಿಂತಳು. ಒಲೆ ನೋಡಿದಳು, ನನ್ನ ಕೈ ನೋಡಿದಳು. ಒಳಗೆ ಕಾಲಿಟ್ಟಳು.

"ಅವ್ವಾ, ಭಾಳ ನೋಯಾಕತ್ತೈತಿ."

ಉರಿವ ಒಲೆಗೆ ನೀರು ಸುರಿದೆ. ಹಿಟ್ಟಿನ ಕೈಯಲ್ಲೇ ಅವಳನ್ನು ತೊಡೆಗೆ ಎಳೆದುಕೊಂಡು ಕೂತೆ. ಇಬ್ಬರೂ ಅತ್ತೆವು. ರೊಟ್ಟಿಯೂ ಆಗಲಿಲ್ಲ, ಶಾಲೆಗೂ ತಡವಾಯಿತು.

ನಿಮ್ಮ ಮೊಮ್ಮಗಳು ಆರಾಮಾಗಿಲ್ಲ, ಅತ್ತೀ. ಆದರೆ ನನಗೆ ಹೇಳಿದಳು. ಈ ಸುದ್ದಿಯನ್ನು ನಿಮಗಲ್ಲದೆ ಇನ್ನಾರಿಗೆ ಬರೆಯಲಿ? ಅವತ್ತು ಅವಳನ್ನು ಹಿಡಿದವರು ನಾವಿಬ್ಬರೇ.

ನಿಮ್ಮ ಸೊಸೆ