ನಡುಮನೆ ಸಮುದ್ರಕ್ಕೆ ಒಂದು ಚೊಂಬು ನೀರು

ಮಾರ್ಚ್ 9, ಭಾನುವಾರ

ಸಮಸ್ತ ಕೊಡಿಗೇಹಳ್ಳಿಯ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಇಂದು ಬೆಳಗ್ಗೆ, ಎರಡನೇ ಕಾಫಿಯಾದ ಮೇಲೆ, ನಮ್ಮ ನಡುಮನೆಯಲ್ಲಿ ಸಮುದ್ರವನ್ನು ಪುನಃ ಸ್ಥಾಪಿಸಲಾಯಿತು. ಗಾಜಿನ ಟ್ಯಾಂಕು, ಉದ್ದ ಮೂರಡಿ. ಅಲೆಗಳ ಉಸ್ತುವಾರಿ ಒಂದು ಪಂಪಿನದು. ಸಮಾರಂಭಕ್ಕೆ ಬಂದವರು: ನಾನು.

ಮಹಾಜನತೆಗೆ ತಿಳಿಯುವ ಸಂಭವ ಕಡಿಮೆ. ಈ ಡೈರಿಯನ್ನು ಯಾರೂ ಓದುವುದಿಲ್ಲ. ಶಶಿರೇಖಾ ಓದುತ್ತಾಳೆ, ಓದಿಲ್ಲ ಅನ್ನುತ್ತಾಳೆ. ಹೆಂಡತಿ ಅಂದ ಮೇಲೆ ನಂಬಬೇಕು.

ಬಕೆಟ್ಟಿಗೆ ಫಿಲ್ಟರ್ ನೀರು, ಅದಕ್ಕೆ ಅಕ್ವೇರಿಯಂ ಉಪ್ಪು, ಕಲಕು, ಅಳೆ, ಮತ್ತೆ ಕಲಕು… ರಟ್ಟೆ ಬಿದ್ದುಹೋಯಿತು. ಎದುರು ಮನೆಯ ಪಿಳ್ಳಪ್ಪಣ್ಣ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. “ನಮ್ ಬೋರ್‌ವೆಲ್ ನೀರೇ ಬಿಡೋದಲ್ವೇನೋ ಭೂಷಣ. ಎಂಗೂ ಉಪ್ಪು.”

ಅಮ್ಮ ಅಡುಗೆಮನೆಯಿಂದ ಈಚೆ ಬರಲಿಲ್ಲ.

ಮಾರ್ಚ್ 11

ಯಾಕೆ ಮತ್ತೆ ಈ ಉಸಾಬರಿ ಅಂತ ಶಶಿ ಕೇಳಿದಳು. ಉತ್ತರ ಇಲ್ಲಿ ಬರೆಯುತ್ತೇನೆ, ಹೇಗೂ ಓದುತ್ತಾಳೆ.

ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಂಗಸರೆಲ್ಲ ಟ್ಯಾಂಕಿನ ಮುಂದೆ ನಿಂತು ಹೊಗಳಿದ್ದೇ ಹೊಗಳಿದ್ದು. ಅದರಲ್ಲೂ ಕಿತ್ತಳೆ ಬಣ್ಣದ ಆ ಕ್ಲೌನ್ ಮೀನನ್ನು. ಮೈಮೇಲೆ ಮೂರು ಬಿಳಿ ಪಟ್ಟೆ. ಅಮ್ಮ ಅದಕ್ಕೆ ವಿಭೂತಪ್ಪ ಅಂತ ಹೆಸರಿಟ್ಟಿದ್ದಳು. ದಿನಾ ಸಂಜೆ ಅವರೆಕಾಯಿ ಸುಲಿಯುತ್ತಾ ಅದಕ್ಕೆ ಊರಿನ ಸಮಾಚಾರವನ್ನೆಲ್ಲ ಒಪ್ಪಿಸುವಳು. ಅಷ್ಟು ಜನರ ಕಣ್ಣು ಬಿದ್ದ ಮೇಲೆ ಸುಮ್ಮನಿರಲಾದೀತೇ? ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಟ್ಯಾಂಕಿಗೇ ದೃಷ್ಟಿ ತೆಗೆದಳು. ದೃಷ್ಟಿಯ ಉಪ್ಪು ನೀರಿನಲ್ಲಿ ಕರಗಬೇಕು — ಪದ್ಧತಿ. ಎದುರಿಗೇ ನೀರು, ಅದೂ ಉಪ್ಪುನೀರು. ಅಲ್ಲೇ ಹಾಕಿದಳು. ಮೆಣಸಿನಕಾಯಿ ಒಲೆಗೆ ಹೋಗಬೇಕು. ನೀರಲ್ಲಿರುವ ಜೀವಕ್ಕೆ ಬೆಂಕಿ ಯಾಕೆ ಅಂತ ಅದನ್ನೂ ನೀರಿಗೇ ಬಿಟ್ಟಳು. ಅದು ಹೋಗಿ ಪಂಪಿನ ಬಾಯಿಗೆ ಸಿಕ್ಕಿಕೊಂಡಿತು. ಬೆಳಗ್ಗೆ ಎದ್ದರೆ ಅಲೆ ನಿಂತಿತ್ತು. ಒಂದು ಮೀನೂ ಉಳಿದಿರಲಿಲ್ಲ.

ಯಾರೂ ಒಂದು ಮಾತು ಅನ್ನಲಿಲ್ಲ. ಅಮ್ಮನೇ ಅಂದುಕೊಂಡಳು. “ನನ್ ಕೈಗುಣ ಓಯ್ತು ಕಣಪ್ಪ.”

ಸಣ್ಣ ಮಾತಲ್ಲ ಇದು. ಇಲ್ಲಿ ಹೊಲಗಳಿದ್ದ ಕಾಲಕ್ಕೆ ಮೊದಲ ಹಿಡಿ ರಾಗಿ ಚೆಲ್ಲಲು ನಮ್ಮಮ್ಮ ಸುಬ್ಬಮ್ಮನನ್ನೇ ಕರೆಯುತ್ತಿದ್ದರು. ಹೊಲವೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೂ ಬಂಧುಬಳಗದ ಉಪ್ಪಿನಕಾಯಿಗೆಲ್ಲ ಮೊದಲ ಹಿಡಿ ಉಪ್ಪು ಅವಳದೇ. ಈಗ ಹಾಲಿಗೆ ಹೆಪ್ಪು ಹಾಕಲೂ ಶಶಿಯನ್ನು ಕೂಗುತ್ತಾಳೆ.

ಅದಕ್ಕೇ ಸಮುದ್ರ.

ಮಾರ್ಚ್ 30, ಯುಗಾದಿ

ಮೀನಿಲ್ಲದ ಟ್ಯಾಂಕು. ಕಲ್ಲುಗಳ ಮೇಲೆ ಕಂದು ಲೋಳೆ. ಆರ್.ಟಿ. ನಗರದ ಮೀನಿನಂಗಡಿ ಅರ್ಮಾನ್ ಪ್ರಕಾರ ಇದು ಶುಭಸೂಚನೆ. ನೀರು ಹದಕ್ಕೆ ಬರುತ್ತಿದೆ, ಅವಸರ ಬೇಡ. ಬೇವು-ಬೆಲ್ಲಕ್ಕೆ ಬಂದ ನೆಂಟರೆಲ್ಲ ಗಾಜಿಗೆ ಮೂಗು ಒತ್ತಿ ಮೀನೆಲ್ಲಿ ಅಂತ ಕೇಳಿದರು. ದಾರಿಯಲ್ಲಿವೆ ಅಂದೆ.

ಅಡುಗೆಮನೆಯಿಂದ ದನಿ: “ಬರೀ ನೀರ್ಗೆ ಲೈಟ್ ಆಕ್ಕಂಡು ಕುಂತವ್ನೆ.”

ಸಂಕ್ರಾಂತಿಯಿಂದೀಚೆಗೆ ಟ್ಯಾಂಕಿನ ಬಗ್ಗೆ ಅಮ್ಮ ಆಡಿದ ಮೊದಲ ಮಾತು. ಬೈಗುಳವೇ, ಆದರೂ ಹೋಳಿಗೆಗಿಂತ ರುಚಿಯಾಗಿತ್ತು.

ಏಪ್ರಿಲ್ 13

ತಂಗಿ ವನಿತಾ ಬ್ಯಾಟರಾಯನಪುರದಿಂದ ಒಂದು ಚೀಲ ಮಾವಿನಕಾಯಿ ತಂದಳು. ಒರೆಸಿ, ಹೆಚ್ಚಿ, ಜಾಡಿ ಸಮೇತ. ಒಂದು ಹಿಡಿ ಉಪ್ಪು ಹಾಕಿಕೊಡು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂತ ಅಮ್ಮನ ಮುಂದೆ ಕೂತಳು. ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನನ್ ಕೈ ಬ್ಯಾಡ. ಬೂಸ್ಟು ಬಂದಾತು.”

ವನಿತಾ ಜಾಡಿ ವಾಪಸ್ ಹೊತ್ತುಕೊಂಡು ಹೋದಳು. ಗೇಟಿನ ಹತ್ತಿರ ಮೂಗು ಒರೆಸಿಕೊಂಡಳು. ಧೂಳು ಅಂದಳು. ಇರಬಹುದು, ರಸ್ತೆ ಅಗೆದಿದ್ದಾರೆ.

ಏಪ್ರಿಲ್ 20

ಎರಡು ಮೀನು ಬಂದವು! ಆಟೋದಲ್ಲಿ, ಶಶಿಯ ಮಡಿಲಲ್ಲಿ, ಪ್ಲಾಸ್ಟಿಕ್ ಕವರಿನ ಪಲ್ಲಕ್ಕಿಯಲ್ಲಿ. ಮೂರು ಮೂರು ಪಟ್ಟೆ. ಅಮ್ಮ ಅಡುಗೆಮನೆ ಹೊಸಿಲ ಮೇಲೆ ನಿಂತಳು. ಒಂದು ಕಾಲು ಒಳಗೆ, ಒಂದು ಹೊರಗೆ. ಸಾರು ಉಕ್ಕಿತು, ಒಳಗೆ ಹೋದಳು.

ಏಪ್ರಿಲ್ 23

ಬಿಸಿಲೋ ಬಿಸಿಲು. ಸಮುದ್ರಕ್ಕೆ ಟೇಬಲ್ ಫ್ಯಾನ್ ಹಾಕಿದ್ದೇನೆ (ನನಗಿಲ್ಲ). ನೀರು ಆವಿಯಾಗಿ ದಿನಕ್ಕೊಂದು ಚೊಂಬು ಇಳಿಯುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಾಗಾಗಿ ದಿನಾ ಸಿಹಿನೀರು ತುಂಬಬೇಕು, ಇಲ್ಲವಾದರೆ ಉಪ್ಪೇರಿ ಮೀನಿಗೆ ಕಷ್ಟ. ಇದನ್ನು ಶಶಿಗೆ ವಿವರಿಸಿದೆ — ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ.

ಊಟಕ್ಕೆ ಬಡಿಸುವಾಗ ಅಮ್ಮ ಕೇಳಿದಳು. “ಸಾರ್ಗೆ ಉಪ್ಪು ಜಾಸ್ತಿಯಾದ್ರೆ ನೀರ್ ಬಿಡ್ತೀವಲ್ಲ, ಅಂಗಾ?”

“ಹಂಗೇ ಕಣಮ್ಮ. ನೀನೇ ಬಿಡು ದಿನಾ.”

“ನನ್ ಕೈ ಬ್ಯಾಡ ಅಂದ್ನಲ್ಲ.” ಮುದ್ದೆ ಕೊಂಚ ಜೋರಾಗಿಯೇ ತಟ್ಟೆಗೆ ಬಿತ್ತು.

ಏಪ್ರಿಲ್ 28

ಗಾಜಿಗೆ ನೀರಿನ ಮಟ್ಟ ತೋರಿಸುವ ಕೆಂಪು ಟೇಪು ಅಂಟಿಸಿದೆ. ಪಕ್ಕದ ಸ್ಟೂಲಿನ ಮೇಲೆ ತುಂಬಿದ ಚೊಂಬು ಇಟ್ಟೆ. ಆಮೇಲೆ ನೀರು ಹಾಕುವುದನ್ನು ‘ಮರೆತು’ ಕೆಂಪಾಪುರದ ಅಂಗಡಿಗೆ ಹೋದೆ. ದಿನವಿಡೀ ಪೈಪು, ನಲ್ಲಿ ಮಾರುತ್ತಾ ಮೀನಿನ ಧ್ಯಾನ. ಸಂಜೆ ಬಂದು ನೋಡಿದರೆ ನೀರು ಟೇಪಿನ ಕೆಳಗೆ. ಚೊಂಬು ಹಾಗೇ ಇತ್ತು. ಪೆಚ್ಚಾಗಿ ನಾನೇ ಸುರಿದೆ. ನಾಟಕ ನನ್ನ ಜಾಯಮಾನವಲ್ಲ.

ಏಪ್ರಿಲ್ 29

ಚೊಂಬು ತುಂಬಿಟ್ಟು ಮತ್ತೆ ‘ಮರೆತೆ’. ಸಂಜೆ ನೀರು ಟೇಪಿಗೆ ಸಮ. ಶಶಿ, ನಾನಲ್ಲ ಅಂದಳು. ಉಪ್ಪು ಅಳೆದೆ. ಹದವಾಗಿತ್ತು.

ಚೊಂಬು ಖಾಲಿ.

ಮೇ 4, ಭಾನುವಾರ

ಬೆಳಗ್ಗೆ ಬಾಗಿಲ ಸಂದಿಯಿಂದ ನೋಡಿದೆ. (ಕದ್ದು ನೋಡುವುದು ಈ ಮನೆಯಲ್ಲಿ ನನ್ನೊಬ್ಬನ ಚಟವಲ್ಲ.) ಅಮ್ಮ ಚೊಂಬು ಎತ್ತಿಕೊಂಡಳು. ಮೊದಲು ಒಂದು ತೊಟ್ಟು ನಾಲಗೆಗೆ ಬಿಟ್ಟುಕೊಂಡು ಸಪ್ಪೆ ನೀರೇ ಅಂತ ಖಾತ್ರಿ ಮಾಡಿಕೊಂಡಳು. ಆಮೇಲೆ ಆ ಚೊಂಬನ್ನೇ ಟ್ಯಾಂಕಿಗೆ ಮೂರು ಸಲ ನಿವಾಳಿಸಿದಳು. ಉಪ್ಪಿಲ್ಲ, ಮೆಣಸಿನಕಾಯಿಯಿಲ್ಲ. ಬರೀ ನೀರು. ಗಾಜಿಗೆ ತಾಗಿಸಿ, ಮೀನು ಬೆಚ್ಚದ ಹಾಗೆ ನಿಧಾನಕ್ಕೆ ಬಿಟ್ಟಳು. ಟೇಪಿನ ಹತ್ತಿರ ಬಂದಾಗ ನಿಲ್ಲಿಸಿದಳು.

“ಬಂದ್ಯಾ ವಿಭೂತಪ್ಪ. ಎಷ್ಟ್ ದಿನ ಆಯ್ತೋ” ಅಂದಳು. ಸ್ಟೂಲ್ ಎಳೆದುಕೊಂಡು ಕೂತಳು. ಪಿಳ್ಳಪ್ಪಣ್ಣನ ಸೊಸೆಯ ಸುದ್ದಿ ಶುರುವಾಯಿತು. ಜನವರಿಯಿಂದ ಬಾಕಿ ಇದ್ದದ್ದು ಬಹಳವಿದೆ.

ಶಶಿ, ನೀನು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಒಂದು ಸಣ್ಣ ಉಪಕಾರ. ವನಿತಾಗೆ ಫೋನ್ ಮಾಡಿ ಮತ್ತೆ ಮಾವಿನಕಾಯಿ ತರಲು ಹೇಳು. ಬರುವಾಗ ಮೂಲೆ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಕಲ್ಲುಪ್ಪು ತಗೊಳ್ಳಲಿ. ಜಾಡಿ ಬಿಸಿಲಿಗಿಡು. ಅಮ್ಮನಿಗೆ ಏನೂ ಹೇಳಬೇಡ, ಸುಮ್ಮನೆ ಉಪ್ಪನ್ನು ಅವಳ ಕೈಗೆ ಸಿಗುವ ಕಡೆ ಇಟ್ಟಿರು.